ಬಲೀಂದ್ರನನ್ನು ಗೋಡೆಗೆ ಕರೆದ ಸಂಜೆ

ಆ ವರ್ಷ ಕಾಸರಗೋಡಿನ ಬೆಳಕಿನ ಉತ್ಸವಕ್ಕೆ ನಾವು ಹೋದದ್ದು ಒಂದು ಸ್ಟೀಲ್ ಡಬ್ಬಿ ತುಂಬ ಅವಲಕ್ಕಿ, ಒಂದು ಹಿತ್ತಾಳೆಯ ಹರಿವಾಣ ಮತ್ತು ಸುರುಳಿ ಸುತ್ತಿದ ಬಾಳೆಲೆ ಹಿಡಿದುಕೊಂಡು. ಗೋಡೆಗಳ ಮೇಲೆ ಬೆಳಕಿನ ಚಿತ್ರ ಬಿಡುವುದನ್ನು ನೋಡಲಿಕ್ಕೆ ಯಾರಾದರೂ ಅವಲಕ್ಕಿ ಕಟ್ಟಿಕೊಂಡು ಹೋಗುತ್ತಾರಾ? ನಾವು ಹೋದೆವು. ಅಮ್ಮನ ಹಟ ಅದು. ಅವಲಕ್ಕಿ ಇಲ್ಲದೆ ತಾನು ಹೊಸಿಲು ದಾಟುವುದಿಲ್ಲ ಎಂದು ಅವಳು ಜಗಲಿಯಲ್ಲಿ ಕುಳಿತುಬಿಟ್ಟಿದ್ದಳು.

ಉತ್ಸವ ನನಗೆ ಗೊತ್ತಿಲ್ಲದ್ದೇನಲ್ಲ. ನಾನು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಆಫೀಸೊಂದರಲ್ಲಿ ಕ್ಲಾರ್ಕು. ಸಂಜೆ ಟೌನ್ ಬಸ್ಸಿನಲ್ಲಿ ಕಾಸರಗೋಡಿಗೆ ಬಂದು, ಅಲ್ಲಿಂದ ಮಂಗಳೂರಿನ ಬಸ್ಸು ಹತ್ತಿ, ಮಂಗಲ್ಪಾಡಿಯಲ್ಲಿ ಇಳಿದು ಮನೆ ಸೇರುವವಳು. ವರ್ಷಕ್ಕೊಮ್ಮೆ, ಮಳೆಯೆಲ್ಲ ಮುಗಿದು ಸೆಕೆ ಶುರುವಾಗುವ ಮೊದಲು, ಪೇಟೆಯಲ್ಲಿ ಹುಡುಗರು ಏಣಿ ಹತ್ತಿ ವಯರು ಎಳೆಯುವುದು, ಗೋಡೆಗಳಿಗೆ ಸುಣ್ಣ ಬಳಿಯುವುದು ಬಸ್ಸಿನ ಕಿಟಕಿಯಿಂದ ಕಾಣುತ್ತಿತ್ತು. ಕೆಲವು ಸಲ ಗೋಡೆಯಲ್ಲಿ ನೀಲಿ ಬಣ್ಣ ಚಲಿಸಿದ್ದೂ ಕಂಡಿತ್ತು. ‘ಇಳಿದು ನೋಡಬೇಕು’ ಎಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು. ಮೂರು ಸಂಜೆಯ ಉತ್ಸವ. ಒಂದು ಸಲವೂ ನಾನು ಇಳಿದದ್ದಿಲ್ಲ.

ಆದರೆ ಆ ವರ್ಷ ಅಲ್ಲಿ ನಮ್ಮದೇ ಒಂದು ಗೋಡೆ ಇತ್ತು! ಅಣ್ಣನ ಮಗಳು ಮಂಗಳೂರಿನಲ್ಲಿ ಚಿತ್ರಕಲೆ ಕಲಿತು ಮುಗಿಸಿದ್ದಳು. ಅಣ್ಣ ಗಲ್ಫಿನಲ್ಲಿ. ಮನೆಯಲ್ಲಿ ಅಮ್ಮ, ನಾನು, ಅತ್ತಿಗೆ, ಈ ಹುಡುಗಿ. ನಮ್ಮ ತುಳು ಮನೆಗಳಲ್ಲಿ ಅಪ್ಪನ ತಂಗಿಯನ್ನು ಮಾಮಿ ಎಂದು ಕರೆಯುತ್ತಾರೆ. ಒಂದು ದಿನ ನಾನು ಆಫೀಸಿನಿಂದ ಬಂದು ಇನ್ನೂ ಕಾಲು ತೊಳೆದಿಲ್ಲ, ‘ಮಾಮೀ, ನನಗೆ ಗೋಡೆ ಸಿಕ್ಕಿತು!’ ಎಂದು ನನ್ನನ್ನು ಹಿಡಿದು ಅಂಗಳದಲ್ಲಿ ಒಂದು ಸುತ್ತು ತಿರುಗಿಸಿಬಿಟ್ಟಳು. ಬ್ಯಾಗು ಒಂದು ಕಡೆ, ಛತ್ರಿ ಒಂದು ಕಡೆ.

‘ಎಂತ ಗೋಡೆ ಮಾರಾಯ್ತಿ? ಮನೆ ಕಟ್ತೀಯಾ?’

‘ಬೆಳಕಿನ ಉತ್ಸವದಲ್ಲಿ! ಆ ಬಂದ್ ಆದ ಐಸ್ ಫ್ಯಾಕ್ಟರಿ ಉಂಟಲ್ಲ, ಅದರ ದೊಡ್ಡ ಗೋಡೆ. ಒಂದು ಕಿಟಕಿ ಕೂಡ ಇಲ್ಲ. ಪೂರ್ತಿ ನಂಗೆ!’

ಆ ಗೋಡೆಯ ಮೇಲೆ ಅವಳು ಮಾಡಹೊರಟದ್ದು ಬಲೀಂದ್ರನನ್ನು ಕರೆಯುವುದನ್ನು. ನಮ್ಮ ಕಡೆ ದೀಪಾವಳಿಯ ಸಂಜೆ ಅಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಅದಕ್ಕೆ ಕೈಗಳ ಹಾಗೆ ಅಡ್ಡಕೋಲು ಕಟ್ಟಿ, ಹೂ ಮುಡಿಸಿ, ದೀಪವಿಟ್ಟು, ಎಲೆಯಲ್ಲಿ ಅವಲಕ್ಕಿ ಬಡಿಸಿ ಬಲಿ ಚಕ್ರವರ್ತಿಯನ್ನು ಕರೆಯುತ್ತೇವೆ. ವರ್ಷಕ್ಕೊಮ್ಮೆ ತನ್ನ ಭೂಮಿ ನೋಡಲಿಕ್ಕೆ ಬರುವವನು ಅವನು. ಮನೆಯ ಗಂಡಸು ಮುಂದೆ ನಿಂತು ಅವನ ಹೆಸರು ಹೇಳಿ ಕೊನೆಗೆ ‘ಕೂ...’ ಎಂದು ಎಳೆದು ಕೂಗಬೇಕು. ಮೂರು ಸಲ. ಹೆಂಗಸು ಹಿಂದೆ ಅವಲಕ್ಕಿಯ ಹರಿವಾಣ ಹಿಡಿದು ನಿಲ್ಲುತ್ತಾಳೆ. ಗುಡ್ಡದ ಆಚೆ ಇನ್ನೊಂದು ಮನೆಯವರು ಕೂ ಎನ್ನುತ್ತಾರೆ, ಅದರಾಚೆ ಮತ್ತೊಂದು ಮನೆ. ಊರಿಗೆ ಊರೇ ಕತ್ತಲೆಯಲ್ಲಿ ಒಬ್ಬನನ್ನೇ ಕರೆಯುವುದು. ಚಿಕ್ಕಂದಿನಲ್ಲಿ ನನಗೆ ಪಟಾಕಿಗಿಂತ ಅದೇ ಇಷ್ಟವಾಗಿತ್ತು.

ನಮ್ಮಲ್ಲಿ ಕರೆಯುತ್ತಿದ್ದವರು ಅಪ್ಪ. ಅಪ್ಪನ ಕೂ ಎಂದರೆ ಸುತ್ತಮುತ್ತ ಹೆಸರುವಾಸಿ. ಉಳಿದವರದ್ದು ಉಸಿರು ಮುಗಿದಲ್ಲಿಗೆ ಮುಗಿಯುತ್ತಿತ್ತು, ಅಪ್ಪನದ್ದು ಮುಗಿಯಿತು ಎಂದುಕೊಂಡ ಮೇಲೂ ಹೋಗುತ್ತಲೇ ಇರುತ್ತಿತ್ತು. ‘ನಿಮ್ಮ ಅಪ್ಪನಿಗೆ ಎದೆಯಲ್ಲಿ ಕಮ್ಮಾರನ ತಿದಿ ಉಂಟು’ ಎಂದು ನೆರೆಯವರು ಹೇಳುವುದು, ಅಪ್ಪ ಮೀಸೆಯಡಿ ನಗುವುದು, ನಾವು ಮಕ್ಕಳು ಶಾಲೆಯಲ್ಲಿ ಆ ಬಗ್ಗೆ ಬಡಾಯಿ ಕೊಚ್ಚುವುದು, ಎಲ್ಲ ಪ್ರತಿ ವರ್ಷ ಇದ್ದದ್ದೇ.

ಅಪ್ಪ ತೀರಿಹೋದ ವರ್ಷ ಸೂತಕದ ಮನೆಯೆಂದು ದೀಪಾವಳಿ ಮಾಡಲಿಲ್ಲ. ಮರುವರ್ಷ ಅಣ್ಣನಿಗೆ ರಜೆ ಸಿಗಲಿಲ್ಲ. ‘ಪಕ್ಕದ ಮನೆಯವರಲ್ಲಿ ಹೇಳಿ ಕಂಬ ನೆಡಿಸುವಾ’ ಎಂದು ನಾನು ಹೇಳಿದರೆ ಅಮ್ಮ, ‘ಕರೆಯುವವರು ಯಾರು? ಬೇಡ’ ಎಂದು ಮಾತು ಕತ್ತರಿಸಿದಳು. ತುಳಸಿಕಟ್ಟೆಗೆ ಒಂದು ಹಣತೆ ಇಟ್ಟು ಒಳಗೆ ಹೋದಳು. ಆ ಸಂಜೆ ಗುಡ್ಡದಾಚೆಯಿಂದ ಕೂ ಕೇಳುವಾಗ ಬಾಗಿಲ ಬಳಿ ನಿಂತು ಅಂಗಳ ನೋಡುತ್ತಾ, ‘ಬಂದು ಕತ್ತಲೆ ನೋಡಿ ಹೋಗಿರಬಹುದು, ಪಾಪ’ ಎಂದಳು. ದೂರದಿಂದ ಬಂದ ನೆಂಟರನ್ನು ಗೇಟಿನಿಂದಲೇ ಕಳಿಸಿದವರ ಹಾಗೆ ಹೇಳಿದಳು.

ಹುಡುಗಿಯ ತಲೆಯಲ್ಲಿ ಗೋಡೆ ಹುಟ್ಟಿದ್ದು ಆಗಲೇ ಇರಬೇಕು. ಅವಳ ಉಪಾಯ ಹೀಗೆ: ಗೋಡೆ ತುಂಬ ಬೆಳಕಿನ ಗೆರೆಗಳಲ್ಲಿ ಬಲೀಂದ್ರನ ಕಂಬ, ಅದರ ಕೈಗಳ ಮೇಲೆ ಸಾಲು ಸಾಲು ಹಣತೆ. ಎಲ್ಲ ಆರಿದ ಹಣತೆ. ಎದುರಿಗೆ ಒಂದು ಮೈಕು. ಜನ ಬಂದು ಕೂ ಎಂದರೆ ಕೆಳಗಿನ ಸಾಲಿನಿಂದ ಹಣತೆಗಳು ಹೊತ್ತಿಕೊಳ್ಳುತ್ತಾ ಮೇಲೆ ಹೋಗಬೇಕು. ಕೂಗು ಕಡಿದರೆ ಎಲ್ಲ ಆರಬೇಕು. ಕಂಬದ ತುದಿಯಲ್ಲಿ ಒಂದು ದೊಡ್ಡ ದೀಪ. ಅದು ಹೊತ್ತುವುದು ಅಜ್ಜನ ಕೂ ಎಷ್ಟು ಉದ್ದವಿತ್ತೋ ಅಷ್ಟು ಹೊತ್ತು ಎಡೆಬಿಡದೆ ಕರೆದವರಿಗೆ ಮಾತ್ರ. ತುದಿಯ ದೀಪ ಹೊತ್ತಿದರೆ ಮತ್ತೆ ಯಾವುದೂ ಆರುವುದಿಲ್ಲ, ಗೋಡೆಯಿಡೀ ಬೆಳಗುತ್ತದೆ.

‘ಅಜ್ಜನ ಕೂ ಎಷ್ಟು ಉದ್ದ ಇತ್ತು ಅಂತ ನಿಂಗೆ ಹೇಗೆ ಗೊತ್ತು?’ ಎಂದೆ. ಯಾರೂ ಅದನ್ನು ಫೋನಿನಲ್ಲಿ ಹಿಡಿದಿಟ್ಟವರಿಲ್ಲ.

‘ಗೊತ್ತುಂಟು. ಅಜ್ಜ ಶುರು ಮಾಡುವಾಗ ನಾನು ತುಳಸಿಕಟ್ಟೆಯಿಂದ ಓಡ್ತಿದ್ದೆ. ಬಾವಿಗೆ ಸುತ್ತು ಹಾಕಿ, ಬೈಹುಲ್ಲಿನ ಮುಟ್ಟೆಗೆ ಸುತ್ತು ಹಾಕಿ ವಾಪಸ್ ಬರುವಾಗ ಕರೆಕ್ಟ್ ಮುಗೀತಿತ್ತು.’

ಸರಿ, ಫೋನು ಹಿಡಿದು ಅಂಗಳದಲ್ಲಿ ಓಡಿದಳು, ಮತ್ತೆ ಓಡಿದಳು. ಮದುವೆಯ ವಯಸ್ಸಿಗೆ ಬಂದ ಹುಡುಗಿ, ಚೂಡಿದಾರದ ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ಬಾವಿಗೆ ಸುತ್ತು ಬರುವುದು ನೋಡಿ ದಾರಿಯಲ್ಲಿ ಹೋಗುವವರು ನಿಂತರು. ‘ಈಗ ಕಾಲು ಉದ್ದ ಆಗಿದೆಯಲ್ಲ, ಸಣ್ಣ ಹೆಜ್ಜೆ ಹಾಕು!’ ಎಂದು ನಾನು ಕೂಗುವುದು, ಅವಳು ಸಣ್ಣ ಹೆಜ್ಜೆ ಹಾಕಿ ಎಡವುವುದು. ಅಮ್ಮ ಜಗಲಿಯಲ್ಲಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಯಾಕೆ ಎಂದು ಕೇಳಿದರೆ ‘ಎಂತದ್ದೂ ಇಲ್ಲ, ನೀವು ಓಡಿ’ ಎಂದಳು.

ಆದರೆ ಹೊರಡುವ ದಿನ ಬಂದಾಗ ಅಮ್ಮ ತಕರಾರು ತೆಗೆದಳು. ಹುಡುಗಿ ಬೆಳಿಗ್ಗೆಯೇ ಕಾಸರಗೋಡಿಗೆ ಹೋಗಿದ್ದಳು. ಎರಡನೇ ಶನಿವಾರ, ನನಗೆ ಆಫೀಸಿಲ್ಲ. ನಾನು ಹೊಸ ಸೀರೆಯುಟ್ಟು, ಮಲ್ಲಿಗೆ ಮುಡಿದು ಮದುವೆಗೆ ಹೊರಟವಳ ಹಾಗೆ ತಯಾರಾಗಿ ಬಂದರೆ ಅಮ್ಮ ಹಳೇ ಸೀರೆಯಲ್ಲೇ ಕುಳಿತಿದ್ದಾಳೆ.

‘ದೀಪಾವಳಿ ಮುಗಿದು ಎಷ್ಟು ಸಮಯ ಆಯ್ತು! ಈಗ ಅವನನ್ನು ಕರೆಯುವುದುಂಟಾ?’

‘ಅದು ಚಿತ್ರ ಅಮ್ಮ. ನಿಜವಾಗಿ ಕರೆಯುವುದಲ್ಲ.’

‘ಕೂ ಅಂತ ಹೇಳುವುದು ನಿಜವಾಗಿಯೇ ಅಲ್ವಾ? ಅವನಿಗೆ ಹೇಗೆ ಗೊತ್ತಾಗ್ಬೇಕು ಚಿತ್ರ ಅಂತ? ಕರೆದ್ರು ಅಂತ ಬಂದುಬಿಟ್ರೆ? ಬಂದವನಿಗೆ ಎಂತ ಕೊಡ್ತೀರಿ, ಕರೆಂಟಾ?’

ನನಗೆ ನಗುವೂ ಬಂತು, ಸಿಟ್ಟೂ ಬಂತು. ಬಸ್ಸಿಗೆ ಹೊತ್ತಾಗುತ್ತಿತ್ತು. ವಾದ ಮಾಡಿ ಮಾಡಿ ಸಾಕಾಗಿ, ‘ಹಾಗಾದ್ರೆ ಅವಲಕ್ಕಿ ತಕ್ಕೊಂಡು ಬಾ, ಆಗಬಹುದಾ?’ ಎಂದೆ. ನಾನು ತಮಾಷೆಗೆ ಹೇಳಿದ್ದು. ಅಮ್ಮ ತಟ್ಟನೆ ಎದ್ದು ಅಡುಗೆಮನೆಗೆ ನಡೆದಳು. ತೆಂಗಿನಕಾಯಿ ತುರಿಯುವ ಸದ್ದು ಕೇಳಿತು. ಬೆಲ್ಲ ಕುಟ್ಟುವ ಸದ್ದು ಕೇಳಿತು. ದನದ ಹಾಲು ಕರೆಯಲಿಕ್ಕೆ ಮನೆಯಲ್ಲಿ ಉಳಿಯಬೇಕಾದ ಅತ್ತಿಗೆ ನನ್ನ ಮುಖ ನೋಡಿ, ‘ನೀವೇ ಹೇಳಿದ್ದಲ್ವಾ, ಅನುಭವಿಸಿ’ ಎಂದಳು.

ಬಸ್ಸಿನಲ್ಲಿ ಹರಿವಾಣ ಅಮ್ಮನ ತೊಡೆಯ ಮೇಲೆ, ಡಬ್ಬಿ ನನ್ನ ತೊಡೆಯ ಮೇಲೆ. ಕುಂಬಳೆ ದಾಟುವಾಗ ಬ್ರೇಕಿಗೆ ಹರಿವಾಣ ಕೆಳಗೆ ಬಿದ್ದು ಢಣ್ ಎಂದಿತು. ಕಂಡಕ್ಟರು ಮಲಯಾಳದಲ್ಲಿ ‘ಪೂಜೆ ಬಸ್ಸಲ್ಲೇನಾ ಅಮ್ಮೇ?’ ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಮ್ಮನಿಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಕಾಸರಗೋಡಿನಲ್ಲಿ ಇಳಿಯುವಾಗ ಸೂರ್ಯ ಮುಳುಗಿದ್ದ. ಅಬ್ಬಾ, ಎಂಥ ಜನ! ದಿನಾ ನಾನು ಬಸ್ಸಿಗೆ ಓಡುವ ಅದೇ ಬೀದಿಯೋ ಇದು ಎಂದು ಅನುಮಾನವಾಯಿತು. ಅಂಗಡಿಗಳ ಬೋರ್ಡಿನ ಲೈಟನ್ನೆಲ್ಲ ಆರಿಸಿದ್ದರು. ಕತ್ತಲೆಯಾದದ್ದೇ ತಡ, ಹಳೆಯ ವಾಚನಾಲಯದ ಗೋಡೆಯಲ್ಲಿ ಇಲ್ಲದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಕಿಟಕಿಯಲ್ಲಿ ಬೆಳಕಿನ ಹೆಂಗಸರು ಬಂದು ಚಾಪೆ ಕೊಡಹಿದರು. ನನ್ನ ಪಕ್ಕದಲ್ಲಿದ್ದ ಬಿಳಿ ಮುಂಡು ಉಟ್ಟ ಗಂಡಸು ಧೂಳು ಬೀಳುತ್ತದೆಂದು ಹಿಂದೆ ಸರಿದೇಬಿಟ್ಟ! ಸರಿದ ಮೇಲೆ ಆಚೀಚೆ ನೋಡಿದ. ನಾನು ಕಂಡರೂ ಕಾಣದವಳ ಹಾಗೆ ಮುಖ ತಿರುಗಿಸಿದೆ, ಯಾಕೆಂದರೆ ನಾನೂ ಸೆರಗು ತಲೆಗೆ ಎಳೆದುಕೊಂಡಿದ್ದೆ.

ಅಲ್ಲಿಂದ ಮುಂದೆ ಒಂದು ದೊಡ್ಡ ಮರ. ಅದರ ಎಲೆಗಳ ಮೇಲೆ ಬೆಳಕಿನ ಮೀನುಗಳನ್ನು ಬಿಟ್ಟಿದ್ದರು. ಕಡಲಿನಿಂದ ಗಾಳಿ ಬಂದು ಎಲೆ ಅಲ್ಲಾಡಿದಾಗಲೆಲ್ಲ ಮೀನು ಬಾಲ ಬಡಿದು ಈಜುವುದು, ಗಾಳಿ ನಿಂತರೆ ಮೀನೂ ನಿಲ್ಲುವುದು. ಜನ ತಲೆಯೆತ್ತಿ ಗಾಳಿ ಕಾಯುತ್ತಿದ್ದರು. ‘ಬಂಗುಡೆಯಾ, ಬೂತಾಯಿಯಾ?’ ಎಂದು ಅಮ್ಮ ಬಹಳ ಗಂಭೀರವಾಗಿ ಕೇಳಿದಳು. ಇನ್ನೊಂದು ಕಡೆ ಹಳೆ ಸೀರೆಗಳನ್ನು ಕಟ್ಟಿ ಓಣಿ ಮಾಡಿ ಹಿಂದಿನಿಂದ ದೀಪ ಬಿಟ್ಟಿದ್ದರು. ಒಳಗೆ ನಡೆದರೆ ಆಯಾ ಸೀರೆಯ ಬಣ್ಣ ಮೈಮೇಲೆ. ಅಮ್ಮ ಹಸಿರಾದಳು, ಕುಂಕುಮವಾದಳು, ಮತ್ತೆ ಗಿಳಿಬಣ್ಣಕ್ಕೆ ತಿರುಗಿದಳು. ಕೊನೆಗೆ ಬಂದವಳು ‘ಇನ್ನೊಮ್ಮೆ ಹೋಗಿ ಬರುವಾ’ ಎಂದಳು. ಹೋದೆವು. ಇಷ್ಟು ವರ್ಷ ಇದನ್ನೆಲ್ಲ ಬಸ್ಸಿನ ಕಿಟಕಿಯಿಂದ ಬಿಟ್ಟುಕೊಟ್ಟೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ.

ಹಾಗೆ ಕುಣಿಯುತ್ತಾ ಐಸ್ ಫ್ಯಾಕ್ಟರಿಯ ಹತ್ತಿರ ಬಂದರೆ, ಅಲ್ಲಿ ಗೋಡೆ ಕತ್ತಲೆ.

ಕಂಬದ ಗೆರೆ ಮಾತ್ರ ಮಂದವಾಗಿ ಕಾಣುತ್ತಿತ್ತು. ಹಣತೆಗಳು ಬೂದಿಬಣ್ಣದಲ್ಲಿ ಆರಿ ಕುಳಿತಿದ್ದವು. ಜನ ಇದ್ದರು, ಒಳ್ಳೆ ಜನವೇ ಇದ್ದರು. ಆದರೆ ಮೈಕಿನಿಂದ ದೂರ ಅರ್ಧಚಂದ್ರಾಕಾರವಾಗಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಲಯಾಳ, ಕನ್ನಡ, ಇಂಗ್ಲಿಷಿನಲ್ಲಿ ‘ಕರೆಯಿರಿ’ ಎಂದು ಬೋರ್ಡಿತ್ತು. ಅದನ್ನು ಮೂರು ಭಾಷೆಯಲ್ಲೂ ಓದಿ ಸುಮ್ಮನೆ ನಿಲ್ಲುತ್ತಿದ್ದರು. ಒಬ್ಬ ಕಾಲೇಜು ಹುಡುಗ ಮುಂದೆ ಬಂದು ‘ಹಲೋ, ಮೈಕ್ ಟೆಸ್ಟಿಂಗ್’ ಎಂದ. ಕೆಳಗಿನ ನಾಲ್ಕು ಹಣತೆ ಮಿಣುಕಿ ಆರಿದವು. ಒಬ್ಬಳ ಸೊಂಟದಲ್ಲಿದ್ದ ಮಗು ಕಿರ್ರೆಂದು ಅತ್ತಿತು, ಎರಡು ಸಾಲು ಪೂರ್ತಿ ಹೊತ್ತಿತು! ಎಲ್ಲರೂ ಮಗುವಿಗೆ ಚಪ್ಪಾಳೆ ತಟ್ಟಿದರು. ಅದು ಹೆದರಿ ಅಳು ನಿಲ್ಲಿಸಿತು. ಗೋಡೆ ಮತ್ತೆ ಕತ್ತಲೆ.

ನಮ್ಮ ಹುಡುಗಿ ಲ್ಯಾಪ್‌ಟಾಪಿನ ಹಿಂದೆ ಸ್ಟೂಲಿನಲ್ಲಿ ಕುಳಿತಿದ್ದಳು. ತುಟಿ ಕಚ್ಚಿ ಕಚ್ಚಿ ಕೆಂಪಾಗಿತ್ತು.

‘ಯಾರೂ ಕರೆಯುವುದಿಲ್ಲ ಮಾಮಿ. ನಾಚಿಕೆ ಅವರಿಗೆ.’

ಅಷ್ಟರಲ್ಲಿ ಉತ್ಸವದ ಉಸ್ತುವಾರಿಯ ಗಡ್ಡದ ಯುವಕ ಬಂದ. ಒಳ್ಳೆಯವನೇ, ಮಾತೂ ಮೆದು. ಮಲಯಾಳದಲ್ಲಿ ಅವನು ಹೇಳಿದ್ದು ಇಷ್ಟು: ‘ಐಡಿಯಾ ಚೆನ್ನಾಗಿದೆ. ಆದರೆ ಜನ ಬಾಯಿ ಬಿಡುವುದಿಲ್ಲ. ಎಂಟು ಗಂಟೆಯವರೆಗೆ ನೋಡುವ. ಆಗದಿದ್ದರೆ ನಾಳೆ, ನಾಡಿದ್ದು ಈ ಗೋಡೆಗೂ ಆ ಮೀನುಗಳನ್ನೇ ಬಿಡೋಣ. ಬೇಸರ ಮಾಡಬೇಡ.’

ಹುಡುಗಿ ಬೇಸರವಿಲ್ಲ ಎಂಬಂತೆ ತಲೆಯಾಡಿಸಿದಳು. ಅವನು ಆಚೆ ಹೋದ ಮೇಲೆ ಕಣ್ಣು ಒರೆಸಿಕೊಂಡಳು. ಎಂಟಕ್ಕೆ ಹೆಚ್ಚು ಹೊತ್ತಿರಲಿಲ್ಲ. ಬಾವಿಗೆ ಸುತ್ತು ಬಂದು ಎಡವಿ ಬಿದ್ದ ಗಾಯ ಇನ್ನೂ ಅವಳ ಮೊಣಕಾಲಿನಲ್ಲಿತ್ತು.

ನನಗೆ ಸರ್ರನೆ ಪಿತ್ತ ನೆತ್ತಿಗೇರಿತು. ಮೀನಂತೆ ಮೀನು! ಈ ಊರಿನವರಿಗೆ ಮೀನು ನೋಡಲಿಕ್ಕೆ ಗೋಡೆ ಬೇಕಾ? ಕುಂಬಳೆ, ಮಂಜೇಶ್ವರ ಕಡೆಯವರು ಅಷ್ಟು ಮಂದಿ ನಿಂತಿದ್ದಾರೆ, ದೀಪಾವಳಿಗೆ ಗುಡ್ಡ ಬಿರಿಯುವ ಹಾಗೆ ಕೂಗುವವರು, ಇಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡದ್ದಕ್ಕೆ ಬಾಯಿಗೆ ಬೀಗ. ‘ನಿಲ್ಲು, ನಾನು ಕರೀತೇನೆ’ ಎಂದು ಚಪ್ಪಲಿ ಬಡಿಯುತ್ತಾ ಮೈಕಿನೆದುರು ಹೋದೆ.

ಹೋದವಳು ಮೈಕನ್ನು ಮೇಲೆ ಕೆಳಗೆ ಮಾಡುತ್ತಾ ನಿಂತೆ. ಆಫೀಸಿನಲ್ಲಿ ನನ್ನ ಸ್ವರ ಮೂರು ಸೆಕ್ಷನ್ ಆಚೆಗೆ ಕೇಳುತ್ತದೆ ಎಂದು ದೂರು ಇದೆ. ಆದರೆ ಕೂ ಎನ್ನುವುದನ್ನು ನಾನು ಹುಟ್ಟಿದ ಮೇಲೆ ಒಮ್ಮೆಯೂ ಹೇಳಿದವಳಲ್ಲ. ನಮ್ಮ ಮನೆಯಲ್ಲಿ ಅದು ಹೆಂಗಸರ ಬಾಯಲ್ಲಿ ಬರುವ ಶಬ್ದವೇ ಅಲ್ಲ. ಹಿಂದೆ ನೂರು ಕಣ್ಣು. ಹೊಟ್ಟೆಯೊಳಗೆ ಗಾಳಿ ಎಳೆದುಕೊಂಡು, ಕಣ್ಣು ಮುಚ್ಚಿ, ಬಿಟ್ಟೆ.

‘ಕೂ...’

ಕಣ್ಣು ತೆರೆದರೆ, ದೇವರೇ! ಹಣತೆಗಳು ನನ್ನ ಬಾಯಿಂದಲೇ ಹೊರಟ ಹಾಗೆ ಸಾಲು ಸಾಲಾಗಿ ಏರುತ್ತಿವೆ. ಕೆಳಗಿನ ಕೈ, ನಡುವಿನ ಕೈ. ಜನ ‘ಓ’ ಎಂದರು. ನಡು ದಾಟಿತು, ಉಸಿರು ಮುಗಿಯಿತು, ಗೋಡೆ ದಪ್ಪೆಂದು ಆರಿತು. ‘ಇನ್ನೊಮ್ಮೆ ಚೇಚೀ!’ ಎಂದು ಯಾರೋ ಮಲಯಾಳಿ ಹುಡುಗಿಯರು ಕೂಗಿದರು. ಇನ್ನೊಮ್ಮೆ ಕರೆದೆ. ಈ ಸಲ ಸ್ವಲ್ಪ ಮೇಲೆ ಹೋಯಿತು. ಆದರೆ ತುದಿಯ ದೀಪ ಇನ್ನೂ ಎಷ್ಟೋ ಎತ್ತರದಲ್ಲಿ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಕಾಲೇಜು ಹುಡುಗನೂ ಈಗ ಧೈರ್ಯ ಮಾಡಿ ಕರೆದ, ನನ್ನಷ್ಟೂ ಹೋಗಲಿಲ್ಲ. ಅಪ್ಪ ಇಷ್ಟುದ್ದ ಹೇಗೆ ಎಳೆಯುತ್ತಿದ್ದರಪ್ಪಾ! ಗಡ್ಡದವನು ಕೈಗಡಿಯಾರ ನೋಡಿದ.

ಆಗ ಜನರ ನಡುವಿನಿಂದ ಗುಜುಗುಜು. ನೋಡಿದರೆ ಅಮ್ಮ ಗೋಡೆಯ ಬುಡದಲ್ಲಿ ಬಾಳೆಲೆ ಬಿಡಿಸಿ ಅವಲಕ್ಕಿ ಬಡಿಸುತ್ತಿದ್ದಾಳೆ. ಕಂಬದ ಗೆರೆಗಳು ಅವಳ ಬೆನ್ನಿನ ಮೇಲೆ ಹಾದುಹೋಗಿದ್ದವು.

ಗಡ್ಡದವನು ಓಡಿ ಬಂದ. ‘ಅಮ್ಮೇ, ಅಲ್ಲಿ ನಿಲ್ಲಬೇಡಿ, ಚಿತ್ರದ ಮೇಲೆ ನೆರಳು ಬೀಳುತ್ತದೆ!’

‘ಬೀಳಲಿ ಮಗಾ,’ ಎಂದಳು ಅಮ್ಮ, ಕನ್ನಡದಲ್ಲೇ. ‘ಇಷ್ಟು ಹೊತ್ತಿಂದ ಕರೀತಾ ಇದ್ದೀರಿ. ಅವನು ಬಂದ್ರೆ ಎದುರಿಗೆ ಒಂದು ಹಿಡಿ ಅವಲಕ್ಕಿ ಬೇಡ್ವಾ? ನಿಮ್ಮ ಮನೆಯಲ್ಲಿ ನೆಂಟರನ್ನು ಕರೆದು ಗೋಡೆ ತೋರಿಸ್ತೀರಾ?’

ಅವನಿಗೆ ಎಷ್ಟು ಅರ್ಥವಾಯಿತೋ, ಕೈ ಇಳಿಬಿಟ್ಟು ನಿಂತ. ಅಮ್ಮ ಚಪ್ಪಲಿ ಕಳಚಿ ಬದಿಗಿಟ್ಟಿದ್ದಳು. ಅದನ್ನು ಕಂಡು ಮುಂದೆ ನಿಂತಿದ್ದ ಒಬ್ಬ ಮುದುಕರೂ ಚಪ್ಪಲಿ ಬಿಟ್ಟರು. ಅವರ ಪಕ್ಕದವರು ಬಿಟ್ಟರು. ಹಿಂದಿನವರು ಯಾಕೆಂದು ಗೊತ್ತಿಲ್ಲದೆ ಬಿಟ್ಟರು. ನೋಡುನೋಡುತ್ತಿದ್ದಂತೆ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಚಪ್ಪಲಿಯ ರಾಶಿ. ನಾನೂ ಅವಸರದಲ್ಲಿ ನನ್ನದನ್ನು ಎಳೆದು ಬಿಸಾಡಿದೆ.

ಅಮ್ಮ ಉಳಿದ ಅವಲಕ್ಕಿಯನ್ನು ಹರಿವಾಣಕ್ಕೆ ಸುರಿದು, ಅದನ್ನು ಎರಡು ಕೈಯಲ್ಲಿ ಹಿಡಿದು ನನ್ನ ಹಿಂದೆ ಬಂದು ನಿಂತಳು. ನಿಂತದ್ದು ಎಡಗಡೆ, ಒಂದು ಮೊಳ ಹಿಂದೆ.

‘ಕರಿ,’ ಎಂದಳು.

‘ನಂಗೆ ಉಸಿರು ಸಾಲುದಿಲ್ಲ ಅಮ್ಮ. ನೋಡಿದಿಯಲ್ಲ.’

‘ಯಾರಿಗೂ ಸಾಲುದಿಲ್ಲ. ನೀನು ಕರಿ. ಉಸಿರು ಮುಗೀತು ಅಂತ ಹೆದರಬೇಡ.’

ಕರೆದೆ. ಈ ಸಲ ನಾಚಿಕೆ ಇರಲಿಲ್ಲ. ಹಣತೆಗಳು ಕೆಳಗಿನ ಕೈ ದಾಟಿದವು, ನಡು ದಾಟಿದವು. ನನ್ನ ಉಸಿರು ತೆಳ್ಳಗಾಗುತ್ತಾ ಬಂತು. ಇನ್ನೇನು ಕಡಿಯಿತು ಎನ್ನುವಾಗ ನನ್ನ ಎಡಗಿವಿಯ ಹಿಂದಿನಿಂದ ಅದೇ ಸ್ವರ, ಅದೇ ಎತ್ತರದಲ್ಲಿ, ನನ್ನದು ಮುಗಿದದ್ದೆಲ್ಲಿ ಅದು ಶುರುವಾದದ್ದೆಲ್ಲಿ ಎಂದು ತಿಳಿಯದ ಹಾಗೆ ಮುಂದಕ್ಕೆ ಹೊರಟಿತು. ನನ್ನ ಬಾಯಿ ಮುಚ್ಚಿದೆ, ಕೂ ಹೋಗುತ್ತಲೇ ಇದೆ! ಹಣತೆಗಳು ಏರಿದವು. ಮೇಲಿನ ಕೈ. ಅದರ ಮೇಲಿನದ್ದು. ತುದಿಯ ದೀಪ ಹೊತ್ತಿತು. ಹೊತ್ತಿ, ಗೋಡೆಯಿಡೀ ಝಗ್ಗನೆ ಬೆಳಗಿ, ಜನರ ಮುಖವೆಲ್ಲ ಹಳದಿಯಾಯಿತು.

ಮೈಯೆಲ್ಲ ಮುಳ್ಳೆದ್ದಿತ್ತು ನನಗೆ. ದೀಪ ಹೊತ್ತಿತೆಂದಲ್ಲ. ಆ ಸ್ವರ ನನಗೆ ಗೊತ್ತಿತ್ತು. ಬುದ್ಧಿ ಬಂದಂದಿನಿಂದ ಪ್ರತಿ ದೀಪಾವಳಿಗೂ ಕೇಳಿದ್ದೆ. ಅಪ್ಪನ ಕೂ ಮುಗಿಯಿತು ಎಂದುಕೊಂಡ ಮೇಲೂ ಹೋಗುತ್ತಿತ್ತಲ್ಲ, ಆ ಎರಡನೇ ಅರ್ಧ ಅದು. ತಿರುಗಿ ನೋಡಿದೆ. ಅಮ್ಮ ಹರಿವಾಣವನ್ನು ಮುಖದೆತ್ತರಕ್ಕೆ ಹಿಡಿದುಕೊಂಡಿದ್ದಳು. ಬಾಯಿ ಕಾಣುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಗದ್ದಲವೆಂದೇ ಹೇಳಬೇಕು. ‘ಮೂರು ಸಲ ಆಗ್ಬೇಕಲ್ವಾ!’ ಎಂದು ಚಪ್ಪಲಿ ಬಿಟ್ಟ ಮುದುಕರು ಹಿಂದಿನಿಂದ ಕೂಗಿದರು. ಎರಡನೆಯದನ್ನು ಅವರು ಶುರು ಮಾಡಿದರು, ಅವರ ಉಸಿರು ಮುಗಿದಲ್ಲಿ ಕುಂಬಳೆಯ ಕಡೆಯವರು ಹಿಡಿದರು. ಮೂರನೆಯದನ್ನು ಎಲ್ಲರೂ. ಸ್ಕಾರ್ಫು ಕಟ್ಟಿದ ಬ್ಯಾರಿ ಹುಡುಗಿಯರು, ಮಲಯಾಳದ ಮೇಷ್ಟ್ರು, ಗಡ್ಡದವನು, ಎಲ್ಲರೂ ‘ಕೂ’. ಮಗು ಮತ್ತೆ ಅತ್ತಿತು, ಅದೂ ಸೇರಿತು. ಮೀನಿನ ಮರದ ಕೆಳಗಿದ್ದವರು ಓಡಿ ಬಂದರು. ಬಂದವರು ಚಪ್ಪಲಿಯ ರಾಶಿ, ಎಲೆ, ಅವಲಕ್ಕಿ ನೋಡಿ ಇದು ಯಾವುದೋ ದೈವದ ಸ್ಥಾನವೆಂದು ತಿಳಿದು ತಾವೂ ಚಪ್ಪಲಿ ಬಿಟ್ಟು ಗೋಡೆಗೆ ಕೈಮುಗಿದರು. ಬೇಡ ಎಂದು ಹೇಳಲಿಕ್ಕೆ ಹೋದ ನಮ್ಮ ಹುಡುಗಿಯೂ ನಗು ತಡೆಯಲಾರದೆ ಕೂತುಬಿಟ್ಟಳು. ಅವಲಕ್ಕಿ ಪ್ರಸಾದವಾಗಿ ಖಾಲಿಯಾಯಿತು. ಹೊರಡುವಾಗ ಯಾರ ಚಪ್ಪಲಿ ಯಾರಿಗೂ ಸಿಗಲಿಲ್ಲ. ನಾನು ಒಂದು ನೀಲಿ, ಒಂದು ಕಂದು ಹಾಕಿಕೊಂಡು ಮನೆಗೆ ಬಂದೆ.

ಗಡ್ಡದವನು ಎಂಟು ಗಂಟೆಯ ಮಾತನ್ನು ಮತ್ತೆ ಎತ್ತಲಿಲ್ಲ. ‘ನಾಳೆ ಅಮ್ಮ ಬರುತ್ತಾರಲ್ಲ?’ ಎಂದು ಮಾತ್ರ ಕೇಳಿದ. ಮರುದಿನ ಆ ಗೋಡೆಯ ಎದುರು ‘ಚಪ್ಪಲಿ ಕಳಚಬೇಕಾಗಿಲ್ಲ’ ಎಂದು ಮೂರು ಭಾಷೆಯಲ್ಲಿ ಬೋರ್ಡು ಹಾಕಿಸಿದರಂತೆ. ಅದನ್ನು ಓದಿದವರೆಲ್ಲ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಿದರಂತೆ.

ಆ ರಾತ್ರಿ ವಾಪಸ್ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತೆವು. ಹುಡುಗಿಗೆ ತಡೆಯಲಾಗಲಿಲ್ಲ.

‘ಅಜ್ಜಿ, ಅಂದ್ರೆ ಅಜ್ಜನ ಕೂ...’

‘ಅವರಿಗೆ ಮೊದಲಿಂದಲೂ ದಮ್ಮಿನ ಕಾಯಿಲೆ ಅಲ್ವಾ,’ ಎಂದಳು ಅಮ್ಮ, ಕಿಟಕಿಯ ಹೊರಗೆ ನೋಡುತ್ತಾ. ‘ಮದುವೆ ಆದ ವರ್ಷವೇ ಅರ್ಧದಲ್ಲಿ ಸ್ವರ ಕಡಿದುಹೋಯ್ತು. ಅತ್ತೆ, ಮಾವ, ನೆರೆಕರೆ ಎಲ್ಲ ನಿಂತಿದ್ದಾರೆ. ನಾನು ಹಿಂದೆ ಹರಿವಾಣ ಹಿಡ್ಕೊಂಡಿದ್ದೆ. ಎಂತ ಮಾಡುವುದು? ಹರಿವಾಣ ಮುಖಕ್ಕೆ ಅಡ್ಡ ಹಿಡ್ದು ನಾನೇ ಎಳೆದುಬಿಟ್ಟೆ. ಕತ್ತಲೆ, ಯಾರಿಗೂ ಗೊತ್ತಾಗ್ಲಿಲ್ಲ.’

‘ಅಪ್ಪ ಎಂತ ಹೇಳಿದ್ರು?’ ಎಂದೆ ನಾನು.

‘ಎಂತ ಹೇಳ್ತಾರೆ? ಮುಂದಿನ ವರ್ಷ ಕರೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದ್ರು, ನಾನು ಉಂಟಾ ಅಂತ. ಮತ್ತೆ ಪ್ರತಿ ವರ್ಷವೂ ನೋಡ್ತಿದ್ರು.’

ಹುಡುಗಿ ಅಜ್ಜಿಯ ಕೈ ಹಿಡಿದುಕೊಂಡಳು. ನನಗೆ ಸಂತೋಷ ಉಕ್ಕಿ ಬರುತ್ತಿತ್ತು, ಅದರ ಬೆನ್ನಿಗೇ ಸಿಟ್ಟು. ‘ಮತ್ತೆ ಆ ವರ್ಷ ಕರೆಯುವವರು ಯಾರು ಅಂತ ಕೇಳಿದಿಯಲ್ಲ! ನೀನೇ ಇದ್ದಿಯಲ್ಲ, ಕರೆಯಬಹುದಿತ್ತಲ್ಲ! ಅಂಗಳ ಕತ್ತಲೆ ಬಿಟ್ಟು ಕೂತೆವಲ್ಲ!’ ಎಂದು ನನ್ನ ಆಫೀಸಿನ ಸ್ವರದಲ್ಲೇ ಕೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

‘ಹೇಗೆ ಕರೆಯುವುದು ಮಗಾ?’ ಎಂದಳು ಅಮ್ಮ. ‘ನಂಗೆ ಗೊತ್ತಿದ್ದದ್ದು ಕೊನೆಯ ಅರ್ಧ ಮಾತ್ರ. ಶುರು ಮಾಡುವವರು ಬೇಡ್ವಾ?’

ಕುಂಬಳೆ ದಾಟುವಾಗ ಬಸ್ಸು ಮತ್ತೆ ಬ್ರೇಕು ಹಾಕಿತು, ನಾನು ಕೈ ಅಡ್ಡ ಹಿಡಿದೆ. ಹರಿವಾಣ ಅಮ್ಮನ ತೊಡೆಯ ಮೇಲೆ ಇತ್ತು.

ಅದಾದ ಮೇಲೆ ಬಂದ ದೀಪಾವಳಿಗೂ ಅಣ್ಣನಿಗೆ ರಜೆ ಸಿಗಲಿಲ್ಲ. ನಾವು ನಾಲ್ಕು ಹೆಂಗಸರೇ ಕಂಬ ನೆಟ್ಟು, ಅದು ಓರೆಯಾಗಿ, ಕಿತ್ತು ಮತ್ತೆ ನೆಟ್ಟು, ಮಣ್ಣು ಕೈಯಲ್ಲೇ ಹೂ ಮುಡಿಸಿದೆವು. ಹುಡುಗಿ ತುಳಸಿಕಟ್ಟೆಯ ಹತ್ತಿರ ಓಡಲು ತಯಾರಾಗಿ ನಿಂತಳು. ನಾನು ಮುಂದೆ ನಿಂತೆ. ಕರೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದೆ. ಹರಿವಾಣ ಆಗಲೇ ಮುಖದೆತ್ತರಕ್ಕೆ ಏರಿತ್ತು.